ಹದಿನೆಂಟನೆಯ ಮರದ ನೆರಳು

ಮರಗಳಿಗೆ ನಂಬರ್ ಬರೆಯುವುದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಒಮ್ಮೆ ಅವನ ಕೈಬರಹ ನೋಡಬೇಕಿತ್ತು. ರಸ್ತೆ ಇಲಾಖೆಯ ಪೇಂಟರ್ ಅವನು. ತೊಗಟೆಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಬಿಳಿ ಪಟ್ಟಿ ಬಳಿದು, ಒಣಗುವ ತನಕ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಆಮೇಲೆ ಕೆಂಪು ಅಂಕಿ ಬರೆಯುತ್ತಿದ್ದ. ಊರು ಅವನ ಹೆಸರನ್ನೇ ಮರೆತು ನಂಬರಪ್ಪ ಎನ್ನುತ್ತಿತ್ತು. ಅವನೂ ಆ ಹೆಸರಿಗೇ ಓಗೊಡುತ್ತಿದ್ದ.

ಮನಸ್ಸಿಟ್ಟು ಮಾಡುತ್ತಿದ್ದ ಕೆಲಸ ಬೇರೆಯೇ ಇತ್ತು. ಕಡಿಯಬೇಕಾದ ಪ್ರತಿ ಮರದ ಚಿತ್ರವನ್ನೂ, ಕಡಿಯುವ ಮುಂಚೆ, ಹಳೆಯ ಬೋರ್ಡಿನ ತಗಡಿನ ಮೇಲೆ ಬರೆದಿಡುತ್ತಿದ್ದ. ಬರೀ ಮರವಲ್ಲ, ಅದನ್ನು ನಂಬಿಕೊಂಡವರೂ ಚಿತ್ರದಲ್ಲಿರಬೇಕು. ಪಂಕ್ಚರ್ ಹಾಕುವವನು, ಬೇರಿನ ಮೇಲೆ ಕೂತು ಪೇಪರ್ ಓದುವ ನಿವೃತ್ತ ಮೇಷ್ಟ್ರು, ಕೊಂಬೆಗೆ ಕನ್ನಡಿ ನೇತುಹಾಕಿದ ಕ್ಷೌರಿಕ. "ಮರ ಒಂದೇ ಹೋಗಲ್ಲ, ಅದರ ಸಂಸಾರಾನೂ ಬೀದಿಗೆ ಬೀಳುತ್ತೆ" ಎನ್ನುತ್ತಿದ್ದ. ಕೇಳಿದವರು ತಲೆಯಾಡಿಸಿ ತಮ್ಮ ದಾರಿ ಹಿಡಿಯುತ್ತಿದ್ದರು. ಮನೆಯಲ್ಲಿ ಫ್ಯಾನ್ ಹಾಕಿದರೆ ಸಾಕು, ಗೋಡೆ ತುಂಬ ತಗಡುಗಳ ಗಲಾಟೆ.

ತನ್ನವರು ಅಂತ ಅವನಿಗಿದ್ದದ್ದು ಒಬ್ಬಳೇ ಅಕ್ಕ. ಮಾರ್ಕೆಟ್ ರಸ್ತೆಯ ಮರವೊಂದರ ಕೆಳಗೆ ಹೊಲಿಗೆ ಮಿಷನ್ ಇಟ್ಟುಕೊಂಡು ಮೂವತ್ತು ವರ್ಷದಿಂದ ಜಿಪ್ಪು, ಗುಂಡಿ, ಹರಿದ ಜೇಬು ಹೊಲಿಯುತ್ತಿದ್ದಳು. ಆ ರಸ್ತೆ ಅಗಲವಾಗುತ್ತದೆ ಎಂದಾಗ ಅವನು ಮೊದಲು ನೆನೆದದ್ದು ಅಕ್ಕನ ಮರವನ್ನು. ಸಾಲುಮರಗಳನ್ನು ಎಣಿಸಿ ನಂಬರ್ ಬರೆದ. ಆಮೇಲೆ ಕಚೇರಿಯಲ್ಲಿ ನಕ್ಷೆ ಅಂಟಿಸಿದರು. ಕಡಿಯುವ ಆರು ಮರಗಳಿಗೆ ಸುತ್ತು ಹಾಕಿತ್ತು. ಚಿತ್ರಕ್ಕೆ ಪಳಗಿದ ಕಣ್ಣು ಚಿತ್ರವನ್ನಷ್ಟೇ ನೋಡಿತು, ಅಂಕಿಯ ಗೋಜಿಗೆ ಹೋಗಲಿಲ್ಲ. ಅಕ್ಕನ ಮರಕ್ಕೆ ಸುತ್ತಿರಲಿಲ್ಲ, ಪಕ್ಕದ್ದಕ್ಕೆ ಇತ್ತು.

"ಅಕ್ಕಾ, ನಿನ್ನ ಮರ ಉಳೀತು!"

"ಹಾಗಾದ್ರೆ ನನ್ನ ಚಿತ್ರ ಬರೆಯಲ್ಲ ಅನ್ನು."

"ಉಳಿಯೋ ಮರದ ಚಿತ್ರ ಯಾಕೆ? ನಾಳೆನೂ ಇಲ್ಲೇ ಇರುತ್ತಲ್ಲ."

ಸೋಮವಾರ ಮಧ್ಯಾಹ್ನ ಅವನು ಬರುವಷ್ಟರಲ್ಲಿ ಅಕ್ಕನ ಮರ ನೆಲದ ಮೇಲಿತ್ತು. ದಿಮ್ಮಿಯ ಮೇಲೆ ಕೆಂಪಗೆ ಹದಿನೆಂಟು, ಅವನದೇ ಅಕ್ಷರ. ಕಡಿಯುವವರ ಮೇಸ್ತ್ರಿ ಚೀಟಿ ತೋರಿಸಿದ. "ಹದಿನೆಂಟು ಕಡೀರಿ ಅಂತ ಇದೆ. ಬರೆದವನು ನೀನೇ ಅಲ್ವೇನಪ್ಪಾ?"

ಸಾಲಿನ ನಡುವೆ ಒಂದೇ ಬುಡದಿಂದ ಎರಡು ಕಾಂಡ ಎದ್ದ ಮರವೊಂದಿತ್ತು. ಕಚೇರಿ ಕಾಂಡ ಎಣಿಸಿ ಎರಡು ಎಂದಿತ್ತು. ಇವನು ಬುಡ ನೋಡಿ ಒಂದು ಎಂದಿದ್ದ. ಕಡಿಯಬೇಕಾದ ಮರಗಳಲ್ಲಿ ಐದು ಎಣಿಕೆಯಲ್ಲಿ ಅದಕ್ಕಿಂತ ಮೊದಲೇ ಇದ್ದವು, ಅವಕ್ಕೆ ಏನೂ ವ್ಯತ್ಯಾಸವಾಗಲಿಲ್ಲ. ಅದರ ನಂತರ ಇದ್ದದ್ದು ಹದಿನೆಂಟು ಒಂದೇ. ಅವನ ಎಣಿಕೆಯಲ್ಲಿ ಆ ಅಂಕಿ ಪಕ್ಕದ ಮರ ಬಿಟ್ಟು ಅಕ್ಕನ ಮರದ ಮೇಲೆ ಕೂತಿತ್ತು. ರಸ್ತೆಗೆ ಜಾಗ ಬೇಕಲ್ಲ, ಎರಡು ದಿನದಲ್ಲಿ ಪಕ್ಕದ್ದನ್ನೂ ಉರುಳಿಸಿದರು.

ಅಕ್ಕನ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಬೈದರೆ ಸಾಕು ಎಂದು ಕಾದ. ಅಕ್ಕ ದಾರ ಕಚ್ಚಿ ತುಂಡು ಮಾಡಿದಳು.

"ಬುಡ ಒಂದೇ ಅಂದ್ಮೇಲೆ ಮರಾನೂ ಒಂದೇ ಅಲ್ವೇನೋ? ನಾನಾದ್ರೂ ಹಾಗೇ ಎಣಿಸ್ತಿದ್ದೆ."

ಅವನು ಗಳಗಳ ಅತ್ತುಬಿಟ್ಟ.

ಚಿತ್ರವನ್ನಾದರೂ ಬರೆಯೋಣವೆಂದು ತಗಡು ಹಿಡಿದು ಕೂತರೆ ಕೈ ಓಡಲಿಲ್ಲ. ಮೊದಲ ಕೊಂಬೆ ಎಡಕ್ಕಿತ್ತೋ, ಬಲಕ್ಕೋ? ಸಾಯುವ ಮರಗಳ ಗಂಟುಗಂಟೂ ಗೊತ್ತಿದ್ದವನಿಗೆ, ದಿನಾ ಕೆಳಗೆ ನಿಂತು ಊಟ ಮಾಡಿದ ಮರ ನೆನಪಿರಲಿಲ್ಲ. ಅಕ್ಕನನ್ನು ಕೇಳಿದ.

"ನಾನ್ಯಾವತ್ತು ತಲೆ ಎತ್ತಿದ್ದೆ? ಸೂಜಿ ನೋಡೋದೇ ಆಯ್ತು. ನೆರಳು ಕೇಳು, ಹೇಳ್ತೀನಿ. ಹತ್ತು ಗಂಟೆಗೆ ಚಕ್ರದ ಹತ್ರ. ಹನ್ನೆರಡಕ್ಕೆ ನನ್ನ ಮಡಿಲಲ್ಲಿ. ನೆರಳಿನ ನಡುವೆ ಬೊಗಸೆಯಷ್ಟು ಬಿಸಿಲು ಬೀಳೋದು, ಅಲ್ಲೇ ದಾರ ಪೋಣಿಸ್ತಿದ್ದೆ."

ಅವಳು ಹೇಳಿದಂತೆ ಬರೆದ. ಮಿಷನ್, ಅಕ್ಕ, ನೆಲದ ಮೇಲೆ ನೆರಳು. ಮರವಿಲ್ಲ.

ಅಕ್ಕ ತಗಡನ್ನು ದೂರ ಹಿಡಿದು ನೋಡಿದಳು. "ಸರಿಯಾಗಿದೆ" ಎಂದಳು. ಆಮೇಲೆ ಬಿಸಿಲು ತಡೆಯದೆ ಅದನ್ನೇ ತಲೆಯ ಮೇಲೆ ಅಡ್ಡ ಹಿಡಿದಳು. ಆದರೆ ಹೊಲಿಯಲು ಎರಡು ಕೈಯೂ ಬೇಕು. ನಂಬರಪ್ಪ ತಗಡು ಇಸಿದುಕೊಂಡು, ಅವಳ ತಲೆಯ ಮೇಲೆ ಹಿಡಿದು, ಸಂಜೆಯವರೆಗೂ ನಿಂತ. ಅದರ ನೆರಳು ಅವಳ ಮಡಿಲವರೆಗೂ ಬರಲಿಲ್ಲ.