ಮೂಸೆಗೆ ಬಳಿದ ವಿಭೂತಿ

ಶ್ರೀರಾಂಪುರದಲ್ಲಿ ನಮ್ಮ ಎದುರು ಮನೆಯ ಪುಟ್ಟಬಸಮ್ಮನವರಿಗೆ ಕೊಳೆ ಕಂಡರಾಗದು. ತಮ್ಮ ಬಾಗಿಲು ತೊಳೆಯುತ್ತಾ ನಮ್ಮ ಗೇಟನ್ನೂ ಉಜ್ಜಿಬಿಡುತ್ತಾರೆ. ಬೇಡ ಎನ್ನುವ ಧೈರ್ಯ ನನಗಿನ್ನೂ ಬಂದಿಲ್ಲ. ಅವರಿಗೆ ಕೆಲಸ ಸಿಕ್ಕಿದ್ದೂ ಅಂಥದ್ದೇ. ಹಳೆಯ ಕಾಲದ ಗಣಿ, ಕುಲುಮೆಗಳನ್ನು ಅಗೆದು ನೋಡುವ ಸಂಶೋಧನಾ ಕೇಂದ್ರವೊಂದರಲ್ಲಿ, ನೆಲದಿಂದ ಬಂದ ಕಬ್ಬಿಣದ ಕಿಟ್ಟ, ಮಡಕೆ ಚೂರುಗಳನ್ನು ತೊಳೆದು ಒಣಗಿಸುವುದು.

"ಮನೇಲಿ ಪುಗಸಟ್ಟೆ ತೊಳೀತಿದ್ದೆ ಕಣ್ರೀ, ಅಲ್ಲಿ ಸಂಬಳ ಕೊಡ್ತಾರೆ" ಎನ್ನುತ್ತಿದ್ದರು.

ಕಳೆದ ದಸರೆಯಲ್ಲಿ ಇವರ ಶ್ರದ್ಧೆ ಒಂದು ಹೆಜ್ಜೆ ಮುಂದೆ ಹೋಯಿತು. ಆಯುಧಪೂಜೆಗೆಂದು ಕರಣೆ, ಸನಿಕೆ, ತಕ್ಕಡಿಗಳನ್ನೆಲ್ಲ ತೊಳೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಪಕ್ಕದಲ್ಲೇ ಒಂದು ಮೂಸೆಯಿತ್ತು. ಹಿಂದಿನವರು ಕಬ್ಬಿಣ ತುಂಬಿ, ಕುಲುಮೆಯಲ್ಲಿ ಕಾಯಿಸಿ ಉಕ್ಕು ಮಾಡುತ್ತಿದ್ದ ಮಣ್ಣಿನ ಪುಟ್ಟ ಪಾತ್ರೆ ಅದು. ಉಕ್ಕು ಹುಟ್ಟಿದ್ದೇ ಇದರ ಹೊಟ್ಟೆಯಲ್ಲಿ, ಕರಣೆಗಿರುವ ಪೂಜೆ ಇದಕ್ಕೇಕಿಲ್ಲ ಎನಿಸಿತು. ವಿಭೂತಿ ನೆನೆಸಿ ಮೂರು ಗೀಟು ಎಳೆದೇಬಿಟ್ಟರು.

ಒಳಗೆ ಬಂದ ಸಿಂಚನಳ ಮುಖ ಬಿಳುಚಿಕೊಂಡಿತು. ಆ ಮೂಸೆಗಳ ಮೇಲೆಯೇ ಸಂಶೋಧನೆ ಮಾಡುತ್ತಿದ್ದ ಹುಡುಗಿ ಅವಳು.

"ಪುಟ್ಟಬಸಮ್ಮನೋರೇ, ಇದರೊಳಗೆ ಒಂದು ಚೂರು ಇದ್ದಿಲು ಅಂಟಿದೆ. ಅದರಿಂದ್ಲೇ ಇದು ಯಾವ ಕಾಲದ್ದು ಅಂತ ಗೊತ್ತಾಗ್ಬೇಕು. ಇವತ್ತಿನ ಬೂದಿ ಬೆರೆತ್ರೆ ಲೆಕ್ಕ ತಪ್ಪೋಗುತ್ತೆ. ಇದ್ದಿಲು ಸಿಕ್ಕಿರೋದು ಇದೊಂದ್ರಲ್ಲೇ" ಎಂದಳು.

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು ಎಂದು ಪುಟ್ಟಬಸಮ್ಮ ನಮ್ಮ ಜಗಲಿಯಲ್ಲಿ ಕೂತು ಅತ್ತರು. ಮೂಸೆ ಹೊರಗಿನ ಪ್ರಯೋಗಾಲಯಕ್ಕೆ ಹೋಯಿತು. ಉತ್ತರ ಬರುವವರೆಗೆ ಆಕೆಗೆ ಊಟ ಸೇರಲಿಲ್ಲ, ನಮ್ಮ ಗೇಟು ಧೂಳು ಹಿಡಿಯಿತು. ಆ ಮಗುವಿನ ವರ್ಷಗಟ್ಟಲೆ ದುಡಿಮೆ ತನ್ನ ಕೈಯಿಂದ ಹಾಳಾಯಿತಲ್ಲ ಎಂಬುದೊಂದೇ ಕೊರಗು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಪುಟ್ಟಬಸಮ್ಮ ಕಾಫಿ ಹಿಡಿದು ಕೇಂದ್ರದ ಮುಖ್ಯಸ್ಥ ಪ್ರೊಫೆಸರ್ ವೃಷಭೇಂದ್ರಪ್ಪನವರ ಕೋಣೆಗೆ ಹೋದಾಗ, ಸಿಂಚನ ಅವರೆದುರು ನಿಂತಿದ್ದಳು.

"ಮೂಸೆಗೆ ಸಾವಿರ ವರ್ಷದ ಮೇಲಾಯ್ತಂತೆ ಕಣಮ್ಮ" ಎನ್ನುತ್ತಿದ್ದರು ಪ್ರೊಫೆಸರ್ ಅವಳಿಗೆ. "ಕಾವಿಗೆ ಕರಗಿ ಗಟ್ಟಿಯಾದ ಮಣ್ಣಿನ ಪದರದ ಒಳಗೇ ಇದ್ದಿಲು ಇತ್ತಂತೆ, ಹೊರಗಿಂದು ಏನೂ ತಾಕಿಲ್ಲ. ನಿನ್ನ ವಿಭೂತಿ ಏನೂ ಕೆಡಿಸಿಲ್ಲ ಬಿಡು."

ಪುಟ್ಟಬಸಮ್ಮನ ಎದೆಯ ಮೇಲಿದ್ದ ಭಾರ ಇಳಿಯಿತು. ಆಮೇಲೆ ಅವರು ಸಿಂಚನಳಿಗೆ "ನಿನ್ನ ವಿಭೂತಿ" ಎಂದದ್ದು ತಲೆಗೆ ಹತ್ತಿತು. ಈ ಹುಡುಗಿ ಇಷ್ಟು ತಿಂಗಳು ತಪ್ಪನ್ನು ತನ್ನ ಮೇಲೆ ಹಾಕಿಕೊಂಡಿದ್ದಳು.

"ಇಬೂತಿ ಬಳ್ದಿದ್ದು ನಾನು ಸಾರ್. ಈ ಮಗೀಗೇನೂ ಗೊತ್ತಿಲ್ಲ."

"ಅವತ್ತೇ ಗೊತ್ತಾಯ್ತು ಕಣ್ರೀ" ಎಂದರು ಪ್ರೊಫೆಸರ್, ಕಾಫಿ ತೆಗೆದುಕೊಳ್ಳುತ್ತಾ. "ಅಷ್ಟು ನೆಟ್ಟಗೆ ಮೂರು ಗೀಟು ಎಳೆಯೋಕೆ ಇವಳಿಗೆಲ್ಲಿ ಬರುತ್ತೆ? ಅವಳು ನಿಮ್ಮನ್ನ ಕಾಪಾಡ್ತಿದ್ಲು, ಅದಕ್ಕೇ ನಾನೂ ಸುಮ್ಮನಿದ್ದೆ."

ಪುಟ್ಟಬಸಮ್ಮ ಸಿಂಚನಳ ಕೈ ಹಿಡಿದು ಅಲ್ಲೇ ಕುರ್ಚಿಯ ಮೇಲೆ ಕೂತುಬಿಟ್ಟರು. ಪ್ರೊಫೆಸರರ ಮುಂದೆ ಆಕೆ ಕೂತದ್ದು ಅದೇ ಮೊದಲು.