ಸಾವಕಾರರ ಫ್ರಿಜ್ಜು, ಲಾಡಸಾಬನ ಹಲಗೆ

ಲಾಡಸಾಬನನ್ನು ನಾನು ಮೊದಲು ಕಂಡಾಗ ಅವನು ಇಳಕಲ್ಲಿನ ಸೀರೆ ವ್ಯಾಪಾರಿ ಗುರಲಿಂಗಪ್ಪನವರ ಮಹಡಿಯಲ್ಲಿ ಬೋರಲು ಮಲಗಿ, ಹಲಗೆಯ ನೆಲಕ್ಕೆ ಕಿವಿ ಹಚ್ಚಿದ್ದ. ಕೆಳಗಿನ ಕೋಣೆಯಲ್ಲಿ ಮನೆಮಂದಿ ಮಾತಾಡುತ್ತಿದ್ದರು. ಕದ್ದು ಕೇಳುವ ಚಾಳಿಯ ಮನುಷ್ಯ ಎಂದು ತೀರ್ಮಾನಿಸಿ, ಆ ತೀರ್ಮಾನವನ್ನು ನಾಲ್ಕು ಜನಕ್ಕೆ ಹಂಚಿಯೂ ಬಿಟ್ಟೆ. ಅವನು ಕೇಳುತ್ತಿದ್ದುದು ಹಲಗೆಯನ್ನು. ಗೆಣ್ಣಿನಿಂದ ಬಡಿದರೆ ಒಣ ಹಲಗೆ ಟಣ್ ಅನ್ನುತ್ತದೆ, ನೀರು ಕುಡಿದದ್ದು ದಪ್ ಅನ್ನುತ್ತದೆ. ಮನುಷ್ಯರ ಮಾತಿನಲ್ಲಿ ಅಷ್ಟು ನಂಬುವಂಥ ಸುದ್ದಿ ಅವನಿಗೆ ಎಂದೂ ಸಿಕ್ಕಿರಲಿಲ್ಲ.

ಲಾಡಸಾಬ ಬಡಿಗ. ಐವತ್ತೆಂಟರ ವಯಸ್ಸು, ಮೊಣಕೈವರೆಗೆ ಮಡಚಿದ ಅಂಗಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ವರ್ಷವಿಡೀ ನೇಕಾರರ ಮಗ್ಗ ರಿಪೇರಿ. ನಡುನಡುವೆ ಬಾಗಿಲು, ಕಿಟಕಿ, ತೊಟ್ಟಿಲು. ಆದರೆ ಈ ಮಹಡಿಯ ಸಾಗವಾನಿ ನೆಲದ ಮಾತು ಬೇರೆ. ಅದನ್ನು ಹಾಸಿದವನು ಅವನಪ್ಪ. ರಂದಾ ಹೊಡೆದು ನುಣುಪು ಮಾಡಿದವನು ಹದಿನಾರರ ಲಾಡಸಾಬ. ನಲವತ್ತೆರಡು ವರ್ಷ ಅದರ ಒಂದು ಹಲಗೆಯೂ ಕಿರ್ ಎಂದಿರಲಿಲ್ಲ.

ಕಿರ್ ಅನ್ನಿಸಿದ್ದು ಫ್ರಿಜ್ಜು. ೧೯೭೮ರಲ್ಲಿ ಗುರಲಿಂಗಪ್ಪ ಅದನ್ನು ಹುಬ್ಬಳ್ಳಿಯಿಂದ ಲಾರಿಯಲ್ಲಿ ತರಿಸಿ, ವಿಭೂತಿ ಹಚ್ಚಿ, ಕಾಯಿ ಒಡೆದು, ಆರು ಜನರ ಹೆಗಲ ಮೇಲೆ ಮಹಡಿಗೆ ಏರಿಸಿದರು. ಹಾಲಿಡಲು ಅಡಿಗೆಮನೆಯಲ್ಲಿ ಬೇಕು ಎಂದು ಹೆಂಡತಿ ಬಸಲಿಂಗವ್ವ ಹೇಳಿ ನೋಡಿದಳು. ಅಡಿಗೆಮನೆಯಲ್ಲಿಟ್ಟರೆ ಯಾರಿಗೆ ಕಾಣಬೇಕು? ಗಿರಾಕಿಗಳು ಗಾದಿಯ ಮೇಲೆ ಕೂತು ಸೀರೆ ನೋಡುವುದು ಮಹಡಿಯಲ್ಲಿ. ಹಾಗಾಗಿ ಹಾಲು ಕೆಳಗೆ ಒಡೆಯುತ್ತಿತ್ತು. ಮಹಡಿಯಲ್ಲಿ ಫ್ರಿಜ್ಜು ಒಂದು ತಂಬಿಗೆ ನೀರನ್ನು ಕಾವಲು ಕಾಯುತ್ತ ನಿಂತಿತ್ತು.

ದಿನಕ್ಕೆ ಐದಾರು ತಾಸು ಕರೆಂಟು ಇರುತ್ತಿರಲಿಲ್ಲ. ಹೋದಾಗಲೆಲ್ಲ ಒಳಗಿನ ಬರ್ಫ ಕರಗಿ, ತಳದ ತಟ್ಟೆ ತುಂಬಿ, ನೀರು ಹಲಗೆಯ ಮೇಲೆ ಹರಿಯುತ್ತಿತ್ತು. ತಾವು ತಂದ ಯಂತ್ರ ಸೋರುತ್ತದೆಂದು ಒಪ್ಪಿಕೊಳ್ಳುವ ಮನೆತನ ಅವರದಲ್ಲ. ಬೇಸಿಗೆ, ಅದಕ್ಕೂ ಬೆವರು ಬರುತ್ತದೆ ಎಂದು ಕಂಡವರಿಗೆಲ್ಲ ತಿಳಿಹೇಳಿ, ಕಲೆಯ ಮೇಲೆ ಜಮಖಾನೆ ಹಾಸಿದರು. ಅದು ನೆನೆದಾಗ ಅದರ ಮೇಲೊಂದು. ಎರಡು ತಿಂಗಳಲ್ಲಿ ಹಲಗೆಗಳು ಹೋಳಿಗೆಯಂತೆ ಉಬ್ಬಿ, ಫ್ರಿಜ್ಜು ಗಿರಾಕಿಗಳಿಗೆ ನಮಸ್ಕಾರ ಮಾಡುವಂತೆ ಮುಂದಕ್ಕೆ ಬಾಗಿತು.

ಆಗ ಲಾಡಸಾಬನಿಗೆ ಕರೆ ಬಂತು. ಬರುವ ಸೋಮವಾರ ಬಾಗಲಕೋಟೆಯ ಕಾಶಪ್ಪನವರು ತಮ್ಮ ಮಗನಿಗೆ ಈ ಮನೆಯ ಹೆಣ್ಣು ನೋಡಲು ಬರುವವರಿದ್ದರು. ಉಳಿದದ್ದು ಐದು ದಿನ. ಉಬ್ಬಿದ ಕಡೆಗೆಲ್ಲ ರಂದಾ ಹೊಡೆದು ಮಟ್ಟ ಮಾಡಬೇಕು ಎಂದು ಸಾವಕಾರರ ಅಪ್ಪಣೆಯಾಯಿತು. ಲಾಡಸಾಬ ಜಮಖಾನೆ ಎತ್ತಿ, ನಾನು ಕಂಡಂತೆ ಕಿವಿ ಹಚ್ಚಿ ಕೇಳಿ, ಎದ್ದ.

“ರಂದಾ ಹೊಡಿಯೂದಿಲ್ರಿ ಸಾವಕಾರ್ರ. ಹಸಿ ಹಲಿಗಿ ಇವತ್ತ ಮಟ್ಟ ಮಾಡಿದ್ರ, ಒಣಗಿದ ಮ್ಯಾಲೆ ಅದ ಜಾಗಾ ತಗ್ಗಾಗತೈತಿ. ಆಮ್ಯಾಲೆ ಅದು ಒಲಿಗೇ.”

ಫ್ರಿಜ್ಜು ಇಳಿಸಬೇಕು, ನೆನೆದ ಇಪ್ಪತ್ತೆರಡು ಹಲಗೆ ಕೀಳಬೇಕು, ನೆರಳಿನಲ್ಲಿ ನಡುನಡುವೆ ಪಟ್ಟಿ ಕೊಟ್ಟು ಒಂದರ ಮೇಲೊಂದು ಪೇರಿಸಿ, ಮೇಲೆ ಭಾರ ಹೇರಿ ಒಣಗಿಸಬೇಕು ಎಂದ. ಐದು ವಾರ. ಸಾವಕಾರರು ನೇಕಾರರೊಡನೆ ನಡೆಸುವ ಚೌಕಾಸಿಯನ್ನೇ ನಡೆಸಿ ಐದು ವಾರವನ್ನು ಐದು ದಿನಕ್ಕೆ ಇಳಿಸಲು ನೋಡಿದರು. ಕಟ್ಟಿಗೆ ಜಗ್ಗಲಿಲ್ಲ. ಕಡೆಗೆ, ನಾಲ್ಕು ಶೆಗಡಿ ಕೆಂಡ ತರಿಸಿ ಹಲಗೆಯ ಮೇಲಿಡುತ್ತೇನೆ ಎಂದರು.

“ಗಂಜಿ ಹಚ್ಚಿದ ಹಾಸು ಕೆಂಡದ ಮ್ಯಾಲೆ ಒಣಗಸ್ತೀರೇನ್ರಿ?” ಎಂದ ಲಾಡಸಾಬ.

ಮಗ್ಗಕ್ಕೇರುವ ನೂಲಿನ ಹಾಸನ್ನು ಅವಸರದಲ್ಲಿ ಒಣಗಿಸಿದರೆ ಎಳೆ ಹರಿಯುತ್ತದೆಂದು ಇಳಕಲ್ಲಿನ ಕೂಸಿಗೂ ಗೊತ್ತು. ಸೀರೆಯಿಂದಲೇ ದೊಡ್ಡವರಾದ ಸಾವಕಾರರು ಕೆಂಡದ ಮಾತು ಬಿಟ್ಟರು. ಬೇರೆ ಬಡಿಗನನ್ನು ಕರೆಸುವುದಾಗಿ ಹೇಳಿದರು. ಅಪ್ಪ ಹಾಸಿದ್ದನ್ನು ಇನ್ನೊಬ್ಬ ಬಂದು ಕೆತ್ತಿ ಕೆಡಿಸುವುದನ್ನು ಲಾಡಸಾಬ ನೋಡುವವನಲ್ಲ. ಉಬ್ಬಿದ ಹಲಗೆಯ ಮೇಲೆಯೇ ಕೂತುಬಿಟ್ಟ.

“ಕರಸ್ರಿ. ಅಂವ ಬರೂತನಕ ನಾ ಇಲ್ಲೇ ಕುಂದರ್ತೇನಿ.”

ಬಾಗಿಲಲ್ಲಿ ನಿಂತಿದ್ದ ಬಸಲಿಂಗವ್ವ ಗಂಡನ ಕಡೆ ನೋಡಲೂ ಇಲ್ಲ. “ಲಾಡಸಾಬಣ್ಣ, ಮೊದಲ ಆ ಫ್ರಿಜ್ ಇಳಸು. ನನ್ನ ಹಾಲು ಒಡಿಯೂದಾದ್ರೂ ತಪ್ಪಲಿ,” ಎಂದಳು. ಆ ಮನೆಯಲ್ಲಿ ಅಪ್ಪಣೆ ಹೊರಡುವುದು ಮಹಡಿಯಿಂದ, ನಡೆಯುವುದು ಅಡಿಗೆಮನೆಯದು.

ಸೋಮವಾರ ಕಾಶಪ್ಪನವರನ್ನು ಕೆಳಗಿನ ಪಡಸಾಲೆಯಲ್ಲಿ ಕೂರಿಸಬೇಕಾಯಿತು. ಬಂದವರ ಕಣ್ಣು ಮೇಲೆ ಹೋಗದಂತೆ ಗುರಲಿಂಗಪ್ಪ ಹವೆ, ಹತ್ತಿ, ಹುನಗುಂದದ ರಸ್ತೆ ಎಂದು ಒಂದೇ ಸಮನೆ ಮಾತಾಡಿದರು. ಆದರೂ ಕಾಶಪ್ಪ ತಲೆ ಎತ್ತಿದರು. ನೆತ್ತಿಯ ಮೇಲೆ ಹಲಗೆ ಇರಲಿಲ್ಲ. ಎರಡು ತೊಲೆಗಳ ನಡುವಿನಿಂದ ಲಾಡಸಾಬನ ಎರಡು ಕಾಲು ಇಳಿಬಿದ್ದಿದ್ದವು. ಸಾವಕಾರರ ಮುಖ ನೆನೆದ ಜಮಖಾನೆಯಂತಾಯಿತು. ಬಸಲಿಂಗವ್ವ ಮಜ್ಜಿಗೆ ತಂದಿಟ್ಟು, ಫ್ರಿಜ್ಜು ಸೋರಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಕಾಶಪ್ಪ ತಣ್ಣಗಿನ ಮಜ್ಜಿಗೆಯನ್ನು ಎರಡು ಲೋಟ ಕುಡಿದು, ಸೋರಿದ್ದನ್ನು ಸೋರಿತು ಅನ್ನುವ ಮನೆಯಿಂದ ಹೆಣ್ಣು ತರಬಹುದು ಎಂದರು. ಆ ಪ್ರಾಮಾಣಿಕತನದ ಕೀರ್ತಿಯನ್ನು ಗುರಲಿಂಗಪ್ಪ ಸಂಕೋಚವಿಲ್ಲದೆ ಸ್ವೀಕರಿಸಿದರು.

ಐದು ವಾರ ಕಳೆದು ಹಲಗೆಗಳು ಮರಳಿ ಕೂತವು. ಎರಡು ಮಾತ್ರ ಸೀಳಿದ್ದವು. ಅವಕ್ಕೆ ಹೊಸವು ಬಂದವು. ಈಗ ಲಾಡಸಾಬ ಹಗುರಾಗಿ ರಂದಾ ಆಡಿಸಿ, ಎಣ್ಣೆ ತಿಕ್ಕಿದ. ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲುತ್ತಿತ್ತು. ಗುರಲಿಂಗಪ್ಪ ಬರಿಗಾಲಲ್ಲಿ ಅಡ್ಡಾಡಿ ತಪ್ಪು ಹುಡುಕಿದರು. ಸಿಗದಿದ್ದಾಗ, ಎಲ್ಲಕ್ಕೂ ಮೂಲ ಆ ಕಾಲದಲ್ಲಿ ತಂದ ಕಟ್ಟಿಗೆಯೇ ಎಂಬ ನಿರ್ಣಯಕ್ಕೆ ಬಂದರು.

“ಅಲ್ಲೋ ಲಾಡಸಾಬ, ದಿನಾ ನೀರು ಸುರುವಿದ್ರೂ ಉಬ್ಬದಂಥಾ ಕಟಿಗಿ ನಿಮ್ಮಪ್ಪಗ ಎಲ್ಲೂ ಸಿಗಲಿಲ್ಲೇನು?”

ಲಾಡಸಾಬ ಉಳಿಯನ್ನು ಚೀಲಕ್ಕೆ ಹಾಕಿದ.

“ನಮ್ಮೂರ ಗುಡ್ಡದಾಗ ಬೇಕಾದಷ್ಟ ಐತ್ರಿ. ಅದಕ್ಕ ಕಲ್ಲು ಅಂತಾರ.”