ಬಚ್ಚಲಲ್ಲಿ ಮಾಡಿದ ಪ್ರಾರ್ಥನೆ

ಶೀಬಾ, ಅಭಿ, ನಿಮ್ಮಜ್ಜಿ ಬಾಯಿಬಿಟ್ಟು ಹೇಳಲಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ. ತಪ್ಪಿದ್ದರೆ ತಿದ್ದಿಕೊಂಡು ಓದಿ. ಚರ್ಚಿನ ಸಭೆಯಲ್ಲಿ ಒಬ್ಬೊಬ್ಬರು ಎದ್ದು ನಿಂತು, ನನಗೆ ಹೀಗೆ ಕಾಣಿಸಿತು, ಹಾಗೆ ಕೇಳಿಸಿತು ಎಂದು ಸಾಕ್ಷಿ ಹೇಳುವಾಗ ನಾನು ನಂಬುತ್ತಿರಲಿಲ್ಲ. ದೇವರನ್ನು ನಂಬುತ್ತಿದ್ದೆ, ಅವರನ್ನಲ್ಲ. ಆದರೆ ಹೂಡಿಯ ನಮ್ಮ ಹಳೆಯ ಮನೆಯಲ್ಲಿ ಒಂದು ಶುಕ್ರವಾರ ಮಧ್ಯಾಹ್ನ ನಡೆದದ್ದನ್ನು ಏನೆಂದು ಕರೆಯಬೇಕೋ ನನಗೆ ಇವತ್ತಿಗೂ ತಿಳಿಯದು.

ನಿಮ್ಮ ತಾತ ತೀರಿಕೊಂಡ ಮೇಲೆ ಪ್ರತಿ ಶುಕ್ರವಾರ ನಮ್ಮ ಮನೆಯಲ್ಲಿ ಹೆಂಗಸರ ಉಪವಾಸ ಪ್ರಾರ್ಥನೆ ನಡೆಯುತ್ತಿತ್ತು. ಚಾಪೆಯ ಮೇಲೆ ಸುತ್ತ ಕೂತು, ಒಬ್ಬರು ಮುಗಿಸಿದ ಮೇಲೆ ಪಕ್ಕದವರು ಬಾಯಿಬಿಟ್ಟು ಪ್ರಾರ್ಥಿಸಬೇಕು. ನನ್ನ ಸರದಿ ಬಂದರೆ ನಾಚಿಕೆಯಾಗಿ ಬರೀ "ಆಮೆನ್" ಎಂದು ಮುಂದಿನವರಿಗೆ ದಾಟಿಸುತ್ತಿದ್ದೆ. "ನಮ್ಮಕ್ಕನ್ ಪ್ರಾರ್ಥನೆ ಎಕ್ಸ್‌ಪ್ರೆಸ್ ಬಸ್ ಇದ್ದಂಗೆ ಕಣ್ರೀ, ಎಲ್ಲೂ ನಿಲ್ಲಲ್ಲ," ಎಂದು ಪಕ್ಕದ ಬೀದಿಯ ಲಿಲ್ಲಿ ಎಲ್ಲರನ್ನೂ ನಗಿಸುತ್ತಿದ್ದಳು. ನಾನೂ ನಗುತ್ತಿದ್ದೆ.

ಸಾರಮ್ಮ ಬಂದ ಮೇಲೆ ನನಗೆ ನಗು ಬರಲಿಲ್ಲ. ಅವಳು ಬೀದರ್ ಕಡೆಯವಳು. ಗಂಡನಿಗೆ ಗಾರೆ ಕೆಲಸ, ಅವಳಿಗೆ ಟೆಕ್ ಪಾರ್ಕಿನಲ್ಲಿ ನೆಲ ಒರೆಸುವ ಕೆಲಸ. ಕಣ್ಣು ಮುಚ್ಚಿ "ಕರ್ತನೇ" ಎಂದಳೆಂದರೆ ಕೆರೆಯ ತೂಬು ಎತ್ತಿದ ಹಾಗೆ ಮಾತು ಹರಿಯುತ್ತಿತ್ತು. ಯಾರಿಗೆ ಜ್ವರ ಬಂದರೂ ಸಾರಮ್ಮನೇ ಬೇಕು. ಮನೆ ನನ್ನದು, ಚಾಪೆ ನನ್ನದು. ಬಂದವರು ಮಾತ್ರ ಅವಳ ಪಕ್ಕದಲ್ಲಿ ಜಾಗ ಹುಡುಕುತ್ತಿದ್ದರು. ಬಾಗಿಲು ಮುಚ್ಚಿ ಬೇಡಿಕೊಳ್ಳುವುದೇ ದೇವರಿಗೆ ಇಷ್ಟ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಭಕ್ತಿಯಲ್ಲ, ಹೊಟ್ಟೆಕಿಚ್ಚು.

ನಿಮ್ಮಮ್ಮ ಗ್ರೇಸಿಗೆ ಎರಡು ಬಸಿರು ನಿಲ್ಲಲಿಲ್ಲ. ಮೂರನೆಯದಕ್ಕೆ ಐದು ತಿಂಗಳಾದಾಗ ಡಾಕ್ಟರು ಮಲಗಿಯೇ ಇರಬೇಕೆಂದರು. ಅವಳನ್ನು ನಮ್ಮ ಮನೆಗೆ ಕರೆತಂದು ನಡುಮನೆಯ ಮಂಚದಲ್ಲಿ ಮಲಗಿಸಿಕೊಂಡೆ. ಒಂದು ಗುರುವಾರ ಅವಳು, "ಅಮ್ಮಾ, ನಾಳೆ ಸಾರಮ್ಮ ಆಂಟಿ ಹತ್ರ ತಲೆ ಮೇಲೆ ಕೈ ಇಡ್ಸಿ ಪ್ರಾರ್ಥನೆ ಮಾಡ್ಸಮ್ಮ," ಎಂದಳು.

"ಯಾಕೆ, ನಾನ್ ದಿನಾ ಮಾಡ್ತಾ ಇಲ್ವಾ?"

"ನೀನ್ ಮಾಡೋದು ನಂಗೆ ಕೇಳ್ಸೋದೇ ಇಲ್ವಲ್ಲಮ್ಮ."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ಆ ರಾತ್ರಿ ನನಗೆ ಅನ್ನ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿ, ಯಾರಿಗೂ ಕೇಳಿಸದಿರಲೆಂದು ನಲ್ಲಿ ಬಿಟ್ಟೆ. ಒಬ್ಬಳೇ ಇರುವಾಗ ನನಗೆ ಸಭೆಯ ಮಾತು ಬೇಡ. ನನ್ನಪ್ಪನ ಹತ್ತಿರ ಆಡುವ ಹಾಗೆ ಹಳ್ಳಿಯ ಮಾತಿನಲ್ಲೇ ಕೇಳುತ್ತೇನೆ. "ಅಪ್ಪಾ, ನನ್ ಮೊದಲ್ನೇ ಕೂಸ್ನ ಸೀಬೆ ಮರದ ಬುಡದಾಗೆ ಮಲಗ್ಸಿದ್ದು ನಿಂಗೊಬ್ನಿಗೇ ಗೊತ್ತು. ಇವ್ಳ ಒಟ್ಟೇಲಿರೋದ್ನ ನಂಗ್ ಬಿಟ್ಬಿಡು. ಸಾರಮ್ಮನ ಬಾಯಿಂದ ಬ್ಯಾಡ, ನನ್ ಬಾಯಿಂದ್ಲೇ ಕೇಳ್ಸ್ಕೊ. ಆಯ್ತಾ ಅಪ್ಪಾ?" ನಾನು ಒಬ್ಬಳೇ ಇರುವಾಗ ಆಮೆನ್ ಎನ್ನುವುದಿಲ್ಲ, "ಆಯ್ತಾ" ಎನ್ನುತ್ತೇನೆ.

ಹೌದು ಮಕ್ಕಳೇ, ಗ್ರೇಸಿಗಿಂತ ಮೊದಲು ನನಗೊಂದು ಹೆಣ್ಣುಕೂಸು ಹುಟ್ಟಿ ಉಸಿರಾಡಲಿಲ್ಲ. ಅದು ಗೊತ್ತಿದ್ದವರು ನಿಮ್ಮ ತಾತ ಮತ್ತು ನನ್ನ ಅತ್ತೆ. ಆ ಶುಕ್ರವಾರದ ಹೊತ್ತಿಗೆ ಇಬ್ಬರೂ ತೀರಿಕೊಂಡಿದ್ದರು.

ಮಧ್ಯಾಹ್ನ ಸಾರಮ್ಮ ಡ್ಯೂಟಿಯಿಂದ ನೇರ ಬಂದಳು, ಯೂನಿಫಾರಂ ಕೂಡ ಬದಲಿಸಿರಲಿಲ್ಲ. ಗ್ರೇಸಿಯ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು. ಎಂದಿನ "ಕರ್ತನೇ" ಬರಲಿಲ್ಲ. ಸಣ್ಣ ದನಿಯಲ್ಲಿ "ಅಪ್ಪಾ" ಎಂದಳು. ಆಮೇಲೆ ನನ್ನ ಮಾತುಗಳು ಒಂದೊಂದಾಗಿ ಬಂದವು. ಸೀಬೆ ಮರ, ಕೂಸು, "ಇವ್ಳ ಒಟ್ಟೇಲಿರೋದ್ನ". ಬೀದರಿನವಳ ಬಾಯಲ್ಲಿ ನಮ್ಮೂರ ಮಾತು! "ಸಾರಮ್ಮನ ಬಾಯಿಂದ ಬ್ಯಾಡ, ನನ್ ಬಾಯಿಂದ್ಲೇ ಕೇಳ್ಸ್ಕೊ," ಎಂಬುದನ್ನೂ ಬಿಡಲಿಲ್ಲ. ಅದೇನೋ ದೀನತೆಯ ಮಾತೆಂದುಕೊಂಡು ಹೆಂಗಸರು "ಸ್ತೋತ್ರ, ಸ್ತೋತ್ರ" ಎಂದರು. ಕೊನೆಗೆ "ಆಯ್ತಾ ಅಪ್ಪಾ?" ಎಂದು ಸುಮ್ಮನಾದಳು. ಪ್ರಾರ್ಥನೆ ಮುಗಿಯಿತೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಮುಗಿದದ್ದು ನನಗೊಬ್ಬಳಿಗೇ ಗೊತ್ತಿತ್ತು. ನಾನು "ಆಮೆನ್" ಎಂದೆ.

ನಿಜ ಹೇಳುತ್ತೇನೆ, ನನಗೆ ಭಯಕ್ಕಿಂತ ಮೊದಲು ಬಂದದ್ದು ಸಿಟ್ಟು. ನನ್ನದನ್ನು ಕದ್ದಳಲ್ಲ ಎಂದು. ಹೊರಡುವಾಗ ಅವಳನ್ನು ಹಿತ್ತಲಿಗೆ ಕರೆದು, "ಆ ಕೂಸಿನ ವಿಷ್ಯ ನಿಂಗ್ಯಾರ್ ಹೇಳಿದ್ದು?" ಎಂದು ಕೇಳಿದೆ.

"ಯಾವ ಕೂಸ್ರಿ ಅಕ್ಕ? ನನ್ನ ಮೂರೂ ಮಕ್ಕಳು ಊರಾಗ ನಮ್ಮವ್ವನ ಹಂತ್ಯಾಕ ಅದಾವ. ನಾ ದಿನಾ ಮಾಡ್ದಂಗೇ ಮಾಡೀನಿ. ಹಂಗ್ಯಾಕ ನೋಡ್ಲತ್ತೀರಿ, ಮೈ ಬರೋಬರಿ ಇಲ್ಲೇನ್ರಿ?" ಎಂದು ನನ್ನ ಹಣೆ ಮುಟ್ಟಿ ನೋಡಿದಳು. ಅವಳ ಕಣ್ಣಲ್ಲಿ ಸುಳ್ಳು ಕಾಣಲಿಲ್ಲ. ಸುಳ್ಳು ಕಂಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ನಾಲ್ಕು ತಿಂಗಳಿಗೆ ಶೀಬಾ, ನೀನು ಹುಟ್ಟಿದೆ. ಪೂರ್ತಿ ಮೂರು ಕೆಜಿ ತೂಕ. ಸಾರಮ್ಮನ ಪ್ರಾರ್ಥನೆಯಿಂದ ಎಂದು ನಿಮ್ಮಮ್ಮ ಸಭೆಯಲ್ಲಿ ಸಾಕ್ಷಿ ಹೇಳಿದಳು. ನಾನು ತಲೆ ತಗ್ಗಿಸಿ ಕೂತಿದ್ದೆ. ಮರುವರ್ಷ ಸಾರಮ್ಮನ ಗಂಡನ ಕೆಲಸ ಮುಗಿದು ಅವರು ಊರಿಗೆ ಹೋದರು.

ಆ ಪ್ರಾರ್ಥನೆ ನನ್ನದಾಗಿದ್ದರೆ ಅವಳ ಬಾಯಿಂದ ಏಕೆ ಬರಬೇಕಿತ್ತು? ಅವಳದಾಗಿದ್ದರೆ ನನ್ನ ಕೂಸು ಅವಳಿಗೆ ಹೇಗೆ ಗೊತ್ತಾಯಿತು? ದೇವರು ಕೇಳಿಸಿಕೊಂಡದ್ದು ನನ್ನ ಮೊರೆಯನ್ನೋ, ಅವಳದನ್ನೋ? ಇಷ್ಟು ವರ್ಷವಾದರೂ ಅದೊಂದು ನನಗೆ ಬಗೆಹರಿದಿಲ್ಲ. ಹೊಟ್ಟೆಕಿಚ್ಚೂ ಪೂರ್ತಿ ಆರಿಲ್ಲ.

ನಿಮ್ಮಮ್ಮ ಈಗಲೂ ಪ್ರಾರ್ಥನೆಯಲ್ಲಿ, "ಸಾರಮ್ಮ ಆಂಟಿ ಕಳ್ಕೊಂಡ ಆ ಮಗುನೂ ನೆನಪಿಟ್ಕೋ ಕರ್ತನೇ," ಎನ್ನುತ್ತಾಳೆ. ಅಂದು ಕೇಳಿದ್ದನ್ನು ಸಾರಮ್ಮನದೇ ಕಥೆ ಎಂದುಕೊಂಡಿದ್ದಾಳೆ. ಆ ಕೂಸು ನಿಮ್ಮಮ್ಮನ ಸ್ವಂತ ಅಕ್ಕ. ನಾನು ಪಕ್ಕದಲ್ಲೇ ಕೂತಿರುತ್ತೇನೆ, ಹೇಳಲು ಬಾಯಿ ಬರುವುದಿಲ್ಲ. ನನ್ನ ಕಾಲ ಮುಗಿದ ಮೇಲೆ ಇದನ್ನು ನಿಮ್ಮಮ್ಮನಿಗೆ ಓದಿ ಹೇಳಿ. ಅವಳಿಗೆ ಮಾತ್ರ, ಬಾಗಿಲು ಹಾಕಿಕೊಂಡು. ಅಲ್ಲಿಯವರೆಗೆ ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ ಮಕ್ಕಳೇ.